ಜಿನೋವಾಕ್ಕೆ ಹೋದ ಮೂವರು

ರೂವಿ, ಮಸ್ಕತ್
12 ಅಕ್ಟೋಬರ್ 1995, ಗುರುವಾರ

ಮೋಹಿನಿಗೆ ಕುಸುಮ ಬರೆಯುವುದು.

ನಿನ್ನ ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಹಾಕಲು ಕೈ ಬರಲಿಲ್ಲ. ಇಲ್ಲಿ ನಾವು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎನ್ನುವ ಸಾಲೂ ಬೇಡ. ಕ್ಷೇಮವಾಗಿದ್ದೇನೆ ಎಂದು ನೀನೇ ಬರೆದಿದ್ದೀಯ. ಎದುರಿಗೆ ಸಿಕ್ಕಿದ್ದರೆ ನಮ್ಮ ತುಳುವಿನಲ್ಲಿ ಸರಿಯಾಗಿ ಬೈದುಬಿಡುತ್ತಿದ್ದೆ. ಬರೆಯಲು ಕೂತರೆ ಶಾಲೆಯಲ್ಲಿ ಕಲಿತ ಕನ್ನಡವೇ ಬರುತ್ತದೆ. ಆ ಕನ್ನಡದಲ್ಲಿ ನನಗೆ ಯಾರೂ ಬೈಗುಳ ಕಲಿಸಲಿಲ್ಲ.

ನಿನ್ನ ಪತ್ರ ನಮ್ಮ ಆಫೀಸಿನ ಪೋಸ್ಟ್ ಬಾಕ್ಸಿಗೆ ಬಂತು. ಇಟಲಿಯ ಸ್ಟ್ಯಾಂಪ್ ಕಂಡು ಹೊಸ ಕಂಪೆನಿಯ ಕೊಟೇಶನ್ ಇರಬಹುದೆಂದು ಮ್ಯಾನೇಜರ್ ತನ್ನ ಟೇಬಲಿಗೆ ಒಯ್ದಿದ್ದ. ಆಮೇಲೆ ನನ್ನನ್ನು ಕರೆದು ಕೊಟ್ಟ. ಲಕೋಟೆಯ ಮೇಲಿನ ನಿನ್ನ ಅಕ್ಷರ ನೋಡಿದಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ. ಸತ್ತಿಲ್ಲವಲ್ಲ ಎನ್ನಿಸಿತು. ಸಿಟ್ಟು ಬಂದದ್ದು ಓದಿದ ಮೇಲೆ.

ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸವಂತೆ. ಆ ಮನೆಯ ಕಿಟಕಿಯಿಂದ ಬಂದರು ಕಾಣುತ್ತದಂತೆ. ಭಾನುವಾರ ರಜೆ ಸಿಕ್ಕಿದಾಗ ಹಡಗುಗಳ ಚಿತ್ರ ಬರೆಯುತ್ತೀಯಂತೆ. ಅಲ್ಲಿಯ ಸರಕಾರ ಸದ್ಯದಲ್ಲೇ ಕಾಗದಪತ್ರ ಕೊಡಬಹುದು ಎಂದು ಜನ ಹೇಳುತ್ತಿದ್ದಾರೆ, ಕೊಟ್ಟ ಮೇಲೆ ಮಗಳು ರಶ್ಮಿತಾಳನ್ನು ಕರೆಸಿಕೊಳ್ಳುತ್ತೇನೆ, ಅಲ್ಲಿಯವರೆಗೆ ಅವಳನ್ನು ನೋಡಿಕೋ, ಗಂಡನಿಗೆ ತಿಳಿಯದ ಹಾಗೆ ಅವಳ ಒಂದು ಫೋಟೋ ಕಳಿಸು ಎಂದು ಬರೆದಿದ್ದೀಯ. ಕೊನೆಗೆ ಒಂದು ಸಾಲಿನಲ್ಲಿ, ‘ನಿನಗೆ ನೋವಾಗಿದ್ದರೆ ಕ್ಷಮಿಸು’ ಎಂದಿದ್ದೀಯ. ಆಗಿದ್ದರೆ! ಈ ‘ಆಗಿದ್ದರೆ’ಗೋಸ್ಕರವೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಅದು ನನ್ನ ಕಣ್ಣಿಗೆ ಹೇಗೆ ಕಂಡಿತು ಎಂಬುದು ನಿನಗೆ ಗೊತ್ತಿಲ್ಲವಲ್ಲ.

ಹೋಗುವ ಮಾತು ಎತ್ತಿದವಳು ನೀನು. ಸುಹರಾ ಮತ್ತು ನಾನು ನಿನ್ನ ಅಡುಗೆಮನೆಯಲ್ಲಿ ಕೂತಿದ್ದೆವು, ಹಾಲಿನಲ್ಲಿ ಮಕ್ಕಳು ನಿನ್ನ ಡ್ರಾಯಿಂಗ್ ಕ್ಲಾಸಿನಲ್ಲಿ ಮಡಕೆಯ ಚಿತ್ರ ಬರೆಯುತ್ತಿದ್ದರು. “ಎಲ್ಲರೂ ದುಬೈಗೆ ಹೋಗಿ ಚಿನ್ನ ನೋಡಿ ಬರ್ತಾರೆ. ನಾವು ಒಮ್ಮೆ ಎಲ್ಲಿಗಾದ್ರೂ ಹೋಗಿ ಚಿತ್ರ ನೋಡಿ ಬರುವಾ” ಎಂದೆ. ಜಿನೋವಾದ ಹೆಸರು ಹೇಳಿದವಳೂ ನೀನೇ. ಹಳೆಯ ಬಂದರು, ಅರಮನೆಗಳ ತುಂಬ ಚಿತ್ರ, ಗುಡ್ಡದ ಮೇಲೆ ಚರ್ಚಿನ ಸಿಸ್ಟರ್‌ಗಳು ನಡೆಸುವ ಗೆಸ್ಟ್ ಹೌಸ್. ಅಲ್ಲಿ ಮಂಗಳೂರು ಕಡೆಯ ಒಬ್ಬರು ಸಿಸ್ಟರ್ ಇದ್ದಾರೆ, ಹೆಂಗಸರು ಮಾತ್ರ ಹೋದರೂ ಭಯವಿಲ್ಲ ಎಂದೆ. ಸುಹರಾಳ ಮುಖ ಆವತ್ತು ಹೇಗಾಯಿತು ಗೊತ್ತಾ? ಇತಿಹಾಸದಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಮಸ್ಕತ್ತಿಗೆ ಬಂದು, ಮಹಮೂದ್ ಭಾಯಿಯ ಮತ್ರಾದ ಬಟ್ಟೆಯಂಗಡಿಯಿಂದ ಆಚೆಗೆ ಏನನ್ನೂ ನೋಡದವಳು. ಗಂಡನನ್ನು ಒಪ್ಪಿಸಲು ಅವಳಿಗೆ ಒಂದು ಬೇಸಗೆ ಪೂರ್ತಿ ಬೇಕಾಯಿತು.

ನಿನ್ನ ಗಂಡನನ್ನು ಒಪ್ಪಿಸಿದವಳು ನಾನು. ಅದನ್ನು ನೀನು ಮರೆತಿರಲಿಕ್ಕಿಲ್ಲ.

ಬೋಜಣ್ಣ ತಮ್ಮ ಕೆಲಸದ ಊರು ಇಬ್ರಿಯಿಂದ ಆ ಗುರುವಾರ ವಾರದ ರಜೆಗೆ ಬಂದು ಕೂತಿದ್ದರು. ನಿಮ್ಮಿಬ್ಬರ ಮಾತು ನಿಂತು ಆಗ ಎಷ್ಟೋ ತಿಂಗಳಾಗಿತ್ತು. ‘ಅಮ್ಮನಿಗೆ ಅನ್ನ ಬಡಿಸಲಿಕ್ಕೆ ಹೇಳು’, ‘ಅಮ್ಮನಿಗೆ ಹೇಳು ಷರ್ಟಿನ ಗುಂಡಿ ಹೋಗಿದೆ ಅಂತ’ ಎಂದು ಎದುರಿಗೆ ನಿಂತ ನಿನಗೆ ಮಗಳ ಕೈಯಲ್ಲಿ ಹೇಳಿ ಕಳಿಸುವ ಮನುಷ್ಯ. ನಾನು ಹೋಗಿ, “ಬೋಜಣ್ಣ, ಮೋಹಿನಿ ನನ್ನ ಜವಾಬ್ದಾರಿ” ಎಂದೆ. ಅವರು ನನ್ನ ಮುಖವನ್ನೂ ನೋಡದೆ ರಶ್ಮಿತಾಳಿಗೆ ಹೇಳಿದರು: “ಕುಸುಮ ಆಂಟಿಗೆ ಹೇಳು, ಕರ್ಕೊಂಡು ಹೋದ ಹಾಗೇ ಕರ್ಕೊಂಡು ಬರ್ಬೇಕು ಅಂತ.” ಮಗು ನನ್ನ ಕಡೆ ತಿರುಗಿ ಅದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿತು. ನಾನು ಆಗಲಿ ಎಂದೆ. ನೀನು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ. ನಿನ್ನ ಕಣ್ಣು ಒದ್ದೆಯಾದದ್ದು ನೋಡಿ, ಖುಷಿಗೆ ಎಂದುಕೊಂಡೆ. ನನ್ನಂಥ ಬೆಪ್ಪು ಇನ್ನೊಬ್ಬಳಿಲ್ಲ.

ಕಳೆದ ನವೆಂಬರಿನ ಆ ದಿನಗಳಿಗೆ ಮಗಳನ್ನು ನೀನು ನನ್ನ ಮನೆಯಲ್ಲಿ ಬಿಟ್ಟೆ. ಮಹಡಿ ಇಳಿದರೆ ನಮ್ಮ ಮನೆ, ಶಾಲೆಯ ಬಸ್ಸೂ ಅದೇ, ನಮ್ಮವರು ನೋಡಿಕೊಳ್ಳುತ್ತಾರೆ ಎಂದು ನಾನೇ ಹೇಳಿದ್ದೆ. ಅವಳ ಬಟ್ಟೆಯನ್ನು ನೀನು ತಂದಿಟ್ಟಾಗ ಉಣ್ಣೆಯ ಸ್ವೆಟರು, ಮುಂದಿನ ವರ್ಷದ ಯೂನಿಫಾರ್ಮ್ ಬಟ್ಟೆ ಕೂಡ ಅದರಲ್ಲಿತ್ತು. ನ್ಯಾಷನಲ್ ಡೇ ರಜೆಗೆ ಇಷ್ಟೆಲ್ಲ ಯಾಕೆ ಮಾರಾಯ್ತಿ ಎಂದು ನಕ್ಕೆ. ನೀನೂ ನಕ್ಕೆ.

ಜಿನೋವಾದಲ್ಲಿ ಮಳೆ. ರೋಮಿನಿಂದ ರೈಲಿನಲ್ಲಿ ಬಂದು ಇಳಿದಾಗ ಸುಹರಾ ತನ್ನ ಬುರ್ಖಾದ ಮೇಲೆ ಮಹಮೂದ್ ಭಾಯಿಯ ದೊಡ್ಡ ಕೋಟು ಹಾಕಿಕೊಂಡು, ಚಳಿಗೆ ನಡುಗುತ್ತ, ಬಾಯಿ ಮಾತ್ರ ಮುಚ್ಚದೆ ನಗುತ್ತಿದ್ದಳು. ಗುಡ್ಡದೊಳಗೆ ಸುರಂಗ ಕೊರೆದು ಅಲ್ಲಿಂದ ಲಿಫ್ಟು ಇಟ್ಟಿದ್ದರಲ್ಲ, ಊರಿನ ಜನ ಬಸ್ಸು ಹತ್ತುವ ಹಾಗೆ ಅದನ್ನು ಹತ್ತಿ ಮೇಲೆ ಹೋಗುತ್ತಿದ್ದರಲ್ಲ, ಅದರಲ್ಲಿ ಸುಮ್ಮನೆ ಎರಡು ಸಲ ಹತ್ತಿ ಇಳಿದೆವು. ಸಿಸ್ಟರಿಗೆ ನಾವು ತಂದ ಮಿಡಿ ಉಪ್ಪಿನಕಾಯಿಯ ವಾಸನೆಗೇ ಕಣ್ಣೀರು ಬಂತು. ಬಂದರಿನ ಹತ್ತಿರದ ಸಂದಿಯಲ್ಲಿ, ಎರಡೂ ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುವಂಥ ಸಂದಿಯಲ್ಲಿ, ಒಲೆಯಿಂದ ಆಗಷ್ಟೇ ತೆಗೆದ ಕಡಲೆಹಿಟ್ಟಿನ ರೊಟ್ಟಿ ತಿಂದೆವು. ಸುಹರಾ ಕೈಸನ್ನೆಯಲ್ಲೇ ಕೇಳಿ ಅದರಲ್ಲಿ ಮಾಂಸವಿಲ್ಲ ಎಂದು ಖಚಿತ ಮಾಡಿಕೊಂಡು, “ಇದು ನಮ್ಮ ಊರಿನದ್ದೇ, ಹಡಗಿನವರು ಕದ್ದು ತಂದದ್ದು” ಎಂದಳು. ನೀನು ನಿನ್ನ ಪಾಲಿನಿಂದ ಮುರಿದು ನನ್ನ ಬಾಯಿಗೆ ಹಾಕಿದೆ. ನಾನು ಆವತ್ತಿನಷ್ಟು ನಕ್ಕದ್ದು ಮದುವೆಗೆ ಮೊದಲು ಯಾವಾಗಲೋ. ಈಗ ಅದನ್ನು ನೆನೆಯುವಾಗಲೆಲ್ಲ, ಆ ತುತ್ತು ಯಾವ ಲೆಕ್ಕದ್ದು ಎಂದು ಯೋಚಿಸುತ್ತೇನೆ. ಸ್ನೇಹದ್ದೋ, ಮಗಳನ್ನು ನೋಡಿಕೊಳ್ಳುವವಳನ್ನು ಒಲಿಸಿಕೊಳ್ಳುವುದಕ್ಕೋ.

ಅರಮನೆಯ ಮ್ಯೂಸಿಯಮ್ಮಿನಲ್ಲಿ ಕಪ್ಪು ಬಟ್ಟೆಯ, ದೊಡ್ಡ ಬಿಳಿ ಕಾಲರಿನ ಆ ಶ್ರೀಮಂತ ಹೆಂಗಸಿನ ಚಿತ್ರದ ಎದುರು ನೀನು ನಿಂತುಬಿಟ್ಟೆ. ಕಾವಲಿನವನು ಕುರ್ಚಿ ತಂದುಕೊಟ್ಟ. ನೀನು ಪೆನ್ಸಿಲಿನಲ್ಲಿ ಅವಳ ಕೈಯನ್ನು ಮಾತ್ರ ಬರೆಯುತ್ತಿದ್ದೆ. “ನೋಡು ಕುಸುಮಾ, ಮುನ್ನೂರು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತಿದ್ದಾಳೆ. ಒಮ್ಮೆ ಎದ್ದು ಹೋಗ್ಲಿಕ್ಕೆ ಇವಳಿಗೆ ಎಂತ ಧಾಡಿ?” ಎಂದೆ. ಚಿತ್ರದವಳು ಎಲ್ಲಿಗೆ ಹೋಗುವುದು ಎಂದು ನಾನು ತಮಾಷೆ ಮಾಡಿದೆ.

ಮಾರನೆಯ ಮಧ್ಯಾಹ್ನ, ನಮ್ಮ ಕೊನೆಯ ದಿನ, ಆ ಕೈಯ ಚಿತ್ರ ಮುಗಿದಿಲ್ಲ, ನೀವು ಬಂದರು ನೋಡಿ ಬನ್ನಿ, ಸಂಜೆ ಗೆಸ್ಟ್ ಹೌಸಿಗೆ ನಾನೇ ಬರುತ್ತೇನೆ ಎಂದು ನೀನು ಹೇಳಿದೆ. ಸುಹರಾ ಮತ್ತು ನಾನು ಹಳೆಯ ದೀಪಸ್ತಂಭ ನೋಡಿದೆವು. ಮಸ್ಕತ್ತಿಗೆ ಕಳಿಸಲು ಕಾರ್ಡು ಕೊಂಡೆವು. ಸಂಜೆ ನೀನು ಬರಲಿಲ್ಲ. ಮ್ಯೂಸಿಯಮ್ಮಿಗೆ ಓಡಿದೆವು, ಬಾಗಿಲು ಹಾಕಿತ್ತು. ಮಳೆಯಲ್ಲಿ ಆ ಸಂದಿಗಳಲ್ಲೆಲ್ಲ ‘ಮೋಹಿನೀ’ ಎಂದು ಕೂಗುತ್ತ ಹೋದೆವು. ಯಾರೋ ಮೇಲಿನ ಕಿಟಕಿ ತೆರೆದು ನೋಡಿ ಮುಚ್ಚಿದರು. ಕಾಲು ಜಾರಿ ನೀರಿಗೆ ಬಿದ್ದಿರಬಹುದು, ಯಾರಾದರೂ ಎಳೆದುಕೊಂಡು ಹೋಗಿರಬಹುದು... ನಾನು ಯೋಚಿಸದ ಕೆಟ್ಟದ್ದು ಒಂದೂ ಉಳಿದಿರಲಿಲ್ಲ. ಸುಹರಾ ಒಂದು ಅಂಗಡಿಯ ಮೆಟ್ಟಿಲಲ್ಲಿ ಕೂತು ಕುರಾನಿನ ಯಾಸೀನ್ ಓದತೊಡಗಿದಳು.

ಸಿಸ್ಟರ್ ನಮ್ಮನ್ನು ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಪೊಲೀಸರು ನಿನ್ನ ಬ್ಯಾಗು ತರಲು ಹೇಳಿದರು. ತೆರೆದರೆ ಅದರಲ್ಲಿ ನಿನ್ನ ಒಂದು ಬಟ್ಟೆಯೂ ಇರಲಿಲ್ಲ, ಪಾಸ್‌ಪೋರ್ಟೂ ಇರಲಿಲ್ಲ. ಹಿಂದಿನ ದಿನ ನೀನೊಬ್ಬಳೇ ಹೋಗಿ ಕೊಂಡಿದ್ದ ಹುಡುಗಿಯರ ಶೂ ಒಂದು ಜೊತೆ ಮಾತ್ರ. ಪೊಲೀಸಿನವನು ಸಿಸ್ಟರ್ ಮೂಲಕ ಕೇಳಿದ, ಮಗಳ ವಯಸ್ಸೆಷ್ಟು? ಹನ್ನೆರಡು ಎಂದೆ. ಅವನು ಶೂವನ್ನು ತಿರುಗಿಸಿ ಅಡಿಯ ನಂಬರು ನೋಡಿ, ಇದು ದೊಡ್ಡವರದ್ದು ಎಂದ. ಅಳತೆ ತಪ್ಪಿರಬೇಕು ಎಂದು ನಾನು ನಿನ್ನ ಪರವಾಗಿ ವಾದಿಸಿದೆ, ಮೋಹಿನಿ. ವಾದಿಸುತ್ತಿರುವಾಗಲೇ ನನಗೆ ಅರ್ಥವಾಯಿತು. ನೀನು ತಪ್ಪಿರಲಿಲ್ಲ. ಮತ್ತೆ ಶೂ ಕೊಡಿಸಲು ವರ್ಷಗಟ್ಟಲೆ ಸಿಕ್ಕುವುದಿಲ್ಲ ಎಂದು ಲೆಕ್ಕ ಹಾಕಿಯೇ ಕೊಂಡಿದ್ದೆ. ಪ್ರಾಯಕ್ಕೆ ಬಂದ ಹೆಂಗಸು ತಾನಾಗಿ ಹೋದರೆ ನಾವೇನೂ ಮಾಡುವಂತಿಲ್ಲ ಎಂದು ಅವನು ಪೆನ್ನು ಜೇಬಿಗೆ ಹಾಕಿಕೊಂಡ.

ಈಗ ನಿನ್ನ ಪತ್ರದಿಂದ ಗೊತ್ತಾಯಿತು, ನಮ್ಮ ಬಿಲ್ಡಿಂಗಿನಲ್ಲಿದ್ದ ಮಲಯಾಳಿ ನರ್ಸ್ ಸಾರಮ್ಮ ಮೊದಲೇ ಅಲ್ಲಿ ಸೇರಿದ್ದಳು, ಕೆಲಸ ಗೊತ್ತುಮಾಡಿ ಕಾದಿದ್ದಳು ಎಂದು. ಹಾಗಾದರೆ ಜಿನೋವಾ ಎಂದದ್ದು ಚಿತ್ರಕ್ಕಲ್ಲ, ಹಳೆಯ ಬಂದರಿಗಲ್ಲ, ನಮ್ಮ ಜೊತೆಗೂ ಅಲ್ಲ. ಒಂಟಿ ಹೆಂಗಸಿಗೆ ವೀಸಾ ಸಿಗುವುದಿಲ್ಲ, ಸಂಸಾರವಿರುವ ಮೂವರು ಹೆಂಗಸರು ಪ್ರವಾಸಕ್ಕೆ ಹೊರಟರೆ ಸಿಗುತ್ತದೆ. ನಾವಿಬ್ಬರು ಅದಕ್ಕೆ ಬೇಕಾಗಿದ್ದೆವು.

ಇಲ್ಲಿಯ ಸೀಬ್ ಏರ್‌ಪೋರ್ಟಿಗೆ ನಮ್ಮವರು ರಶ್ಮಿತಾಳನ್ನೂ ಕರೆದುಕೊಂಡು ಬಂದಿದ್ದರು. ನಾನು ಫೋನಿನಲ್ಲಿ ನಮ್ಮವರಿಗೆ ಹೇಳಿದ್ದೆ, ಮಗುವಿಗೆ ಹೇಳುವ ಧೈರ್ಯ ಅವರಿಗೂ ಆಗಿರಲಿಲ್ಲ. ನಾನು ಗಾಡಿ ತಳ್ಳಿಕೊಂಡು ಹೊರಗೆ ಬಂದೆ, ಹಿಂದೆ ಸುಹರಾ. ರಶ್ಮಿತಾ ನಮ್ಮನ್ನು ನೋಡಿ ಕೈ ಬೀಸಿದಳು. ಆಮೇಲೆ ನಮ್ಮ ಹಿಂದೆ ನೋಡಿದಳು. ಬಾಗಿಲು ತೆರೆದಾಗೆಲ್ಲ ಕಾಲಿನ ಬೆರಳ ಮೇಲೆ ನಿಂತು ನೋಡಿದಳು. ಕೊನೆಗೆ, “ಆಂಟೀ, ಈಸ್ ಶೀ ಇನ್ ದ ಟಾಯ್ಲೆಟ್?” ಎಂದು ಕೇಳಿದಳು. ಇದನ್ನು ಓದಿ ನಿನ್ನ ನಿದ್ದೆ ಕೆಡಬೇಕು ಎಂದೇ ಬರೆಯುತ್ತಿದ್ದೇನೆ.

ಆಮೇಲಿನದ್ದನ್ನೂ ಕೇಳು. ಟಿಕೆಟು ವೀಸಾ ಮಾಡಿಸಿದ ಕ್ಲಾರೆನ್ಸರನ್ನು ಎಂಬೆಸಿಗೆ ಕರೆಸಿದರು. ಅವರ ಟ್ರಾವೆಲ್ ಆಫೀಸಿನಿಂದ ಹೋದ ಇಟಲಿಯ ಅರ್ಜಿಗಳೆಲ್ಲ ಹಿಂದೆ ಬಂದವು. ಮಾಲೀಕ ಅವರನ್ನು ಕೌಂಟರಿನಿಂದ ಎಬ್ಬಿಸಿದ. ಈಗ ಏರ್‌ಪೋರ್ಟಿನಲ್ಲಿ ಹೆಸರಿನ ಬೋರ್ಡು ಹಿಡಿದು ನಿಲ್ಲುತ್ತಾರೆ. ಸುಹರಾಳ ಮನೆಯಲ್ಲಿ ಮಹಮೂದ್ ಭಾಯಿ ಕೂಗಾಡಲಿಲ್ಲ. “ಹೋದದ್ದು ಸಾಕು. ಇನ್ನು ಎಲ್ಲಿಗೂ ಬೇಡ, ಖಲಾಸ್” ಎಂದರಂತೆ, ಅಷ್ಟೇ. ಅವರ ದೊಡ್ಡ ಮಗಳು ಆಯಿಶತ್‌ಗೆ ಮಂಗಳೂರಿನ ಕಾಲೇಜಿನಲ್ಲಿ ಸೀಟು ಆಗಿತ್ತು, ಹಾಸ್ಟೆಲಿಗೆ ಬಟ್ಟೆ ಹೊಲಿಸಿ ಆಗಿತ್ತು. ಅದೂ ಖಲಾಸ್. ಜೂನಿನಲ್ಲಿ ನಿಖಾ ಆಯಿತು. ಮದುವೆಗೆ ನಾನು ಹೋಗಿದ್ದೆ. ಹುಡುಗಿ ನನ್ನನ್ನು ನೋಡಿ ಮುಖ ತಿರುಗಿಸಿತು. ನೀನು ಒಂದು ಬಾಗಿಲಿನಿಂದ ಆಚೆ ಹೋದೆ, ಮೋಹಿನಿ. ಅದು ನಮ್ಮ ಮುಖದ ಮೇಲೆ ಮುಚ್ಚಿತು.

ನಿನ್ನ ಪತ್ರವನ್ನು ಸುಹರಾಳಿಗೆ ತೋರಿಸಿದೆ. ಜೊತೆಗೆ ಕೂತು ಬೈಯೋಣ ಎಂದೇ ಒಯ್ದದ್ದು. ಅವಳು ಓದಿ, ಮತ್ತೆ ಓದಿ, ಕಿಟಕಿಯಿಂದ ಬಂದರು ಕಾಣುತ್ತದೆ ಎಂದು ಬರೆದಿದ್ದೀಯಲ್ಲ, ಆ ಸಾಲಿನ ಮೇಲೆ ಬೆರಳು ಇಟ್ಟುಕೊಂಡು ಕೂತಳು. “ಒಬ್ಬಳಾದ್ರೂ ಹೋದಳಲ್ಲ ಮಾರಾಯ್ತಿ” ಎಂದಳು. ನನಗೆ ಮೈಯೆಲ್ಲ ಉರಿಯಿತು. ಆಯಿಶತ್‌ಳ ಓದು ಹೋಯಿತಲ್ಲ ಎಂದೆ. “ಅದಕ್ಕೆ ನಾನು ಅಳುವುದಿಲ್ವಾ? ಅದು ಬೇರೆ, ಇದು ಬೇರೆ” ಎಂದಳು. ನನಗೆ ಅದು ಬೇರೆ ಬೇರೆಯಾಗಿ ಕಾಣುವುದಿಲ್ಲ. ಅವಳಷ್ಟು ದೊಡ್ಡ ಮನಸ್ಸು ನನಗೆ ದೇವರು ಕೊಟ್ಟಿಲ್ಲ.

ನಿನಗೆ ಆ ಮನೆಯಲ್ಲಿ ಸುಖ ಇರಲಿಲ್ಲ, ಗೊತ್ತು. ಒಮ್ಮೆ ಬಿಟ್ಟು ಊರಿಗೆ ಹೋಗಿ ಕೂತಾಗ ನಿನ್ನ ಅಣ್ಣನೇ ಮೂಲ್ಕಿಯಿಂದ ಬೊಂಬಾಯಿಯವರೆಗೆ ಬಂದು ವಿಮಾನ ಹತ್ತಿಸಿದ್ದೂ ಗೊತ್ತು. ಬೋಜಣ್ಣ ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಮಾತಾಡದಿದ್ದರೆ ಬಿಡು ಎಂದು ನಾನು ಸಾವಿರ ಸಲ ಹೇಳಿರಬಹುದು. ನಿನ್ನ ಪತ್ರದಲ್ಲಿ ಬರೆದಿದ್ದೀಯ, ‘ಇಲ್ಲಿಯ ಮುದುಕಿ ದಿನವಿಡೀ ಮಾತಾಡುತ್ತಾಳೆ, ಅರ್ಧ ಅರ್ಥವಾಗುವುದಿಲ್ಲ, ಆದರೂ ನನ್ನ ಮುಖ ನೋಡಿ ಮಾತಾಡುತ್ತಾಳೆ’ ಎಂದು. ಆ ಸಾಲು ಓದಿ ಪತ್ರವನ್ನು ಮಡಚಿ ಕೆಳಗಿಟ್ಟೆ. ಇಲ್ಲ ಎನ್ನುವುದಿಲ್ಲ. ಆದರೆ ಅದನ್ನು ನನ್ನ ಹತ್ತಿರ ಹೇಳಿ ಹೋಗಬಹುದಾಗಿತ್ತಲ್ಲ? ‘ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ’ ಎಂದು ನೀನು ಬರೆಯುತ್ತೀ. ಹೌದು, ಬಿಡುತ್ತಿರಲಿಲ್ಲ.

ನಾವು ಬಂದಿಳಿದ ದಿನವೇ ಬೋಜಣ್ಣ ಇಬ್ರಿಯಿಂದ ಟ್ಯಾಕ್ಸಿ ಮಾಡಿಕೊಂಡು ಬಂದರು. ನಮ್ಮ ಹಾಲಿನಲ್ಲಿ ಕೂತು ಮೊದಲ ಬಾರಿಗೆ ನನ್ನ ಮುಖ ನೋಡಿ, “ನೀವು ಜವಾಬ್ದಾರಿ ಅಂದಿದ್ರಿ” ಎಂದರು. ಮಗುವನ್ನು ಕಿನ್ನಿಗೋಳಿಯ ತಂಗಿಯ ಮನೆಗೆ ಕಳಿಸುತ್ತೇನೆ ಎಂದು ಟಿಕೆಟಿಗೂ ಹೇಳಿದ್ದರು. ನಾನು ತಡೆದೆ. ಶಾಲೆ ನಡುವಿನಲ್ಲಿ ಬಿಡಿಸಬೇಡಿ, ಜವಾಬ್ದಾರಿ ಅಂದವಳು ನಾನಲ್ಲವಾ, ಇರಲಿ ಎಂದೆ. ಹಾಗಾಗಿ ನಮ್ಮಲ್ಲಿದ್ದಾಳೆ. ಅವರು ಗುರುವಾರ ಬಂದು ಅವಳನ್ನು ಮತ್ರಾ ಕಡಲ ಬದಿಗೆ ಕರೆದುಕೊಂಡು ಹೋಗಿ ಜ್ಯೂಸ್ ಕೊಡಿಸುತ್ತಾರೆ. ಈಗ ತುಂಬ ಮಾತಾಡುತ್ತಾರಂತೆ. ಹೀಗೂ ಇದೆ ನೋಡು.

ನನ್ನ ಪಾಡು ಕೇಳು. ಮದುವೆಯಾದಂದಿನಿಂದ ನಾನು ಮತ್ತು ನಮ್ಮವರು ಇಬ್ಬರೇ ಇದ್ದ ಮನೆ. ನನಗೆ ಬೆಳಿಗ್ಗೆ ಎದ್ದು ಟಿಫಿನ್ ಕಟ್ಟಿ ಅಭ್ಯಾಸವಿಲ್ಲ. ಅವಳಿಗೆ ನೀರುದೋಸೆ ತಣ್ಣಗಾದರೆ ಸೇರುವುದಿಲ್ಲ, ಬ್ರೆಡ್ಡಿನ ಅಂಚು ಕತ್ತರಿಸಿ ಕೊಡಬೇಕು. ಕೂದಲಿಗೆ ಎಣ್ಣೆ ಹಚ್ಚಲು ಶುಕ್ರವಾರ ಅರ್ಧ ದಿನ ಬೇಕು. ಗಣಿತಕ್ಕೆ ನಾನೇ ಮೊದಲು ಕಲಿತು ಆಮೇಲೆ ಹೇಳಿಕೊಡಬೇಕು. ಮಾರ್ಚಿನಲ್ಲಿ ಅವಳು ದೊಡ್ಡವಳಾದಳು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಹೊರಗೇ ಬರಲಿಲ್ಲ. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತು ಮಾತಾಡುತ್ತಲೇ ಇದ್ದೆ. ಏನು ಮಾತಾಡಿದೆನೋ. ಕಡೆಗೆ ಚಿಲಕ ತೆಗೆದಳು. ಆವತ್ತು ಇರಬೇಕಾದವಳು ನೀನು. ತೆಂಗಿನಕಾಯಿ ಬೆಲ್ಲ ಹಾಕಿ ನಾನು ಸಿಹಿ ಮಾಡಿ, ಆಫೀಸಿಗೆ ರಜೆ ಹಾಕಿ, ಅವಳ ಪಕ್ಕದಲ್ಲಿ ಮಲಗಿದೆ. ಚಿತ್ರ ಬರೆಯುವುದನ್ನು ಪೂರ್ತಿ ಬಿಟ್ಟಿದ್ದಾಳೆ. ಪೆನ್ಸಿಲ್ ಕೊಟ್ಟರೆ ತುದಿ ಮುರಿಯುತ್ತಾಳೆ.

ಇನ್ನೊಬ್ಬರ ಮಗುವನ್ನು ಸಾಕುವ ಕಷ್ಟ ನಿನಗೇನು ಗೊತ್ತು? ಇದು ನಿನ್ನ ಹೊರೆ, ನನ್ನದಲ್ಲ. ಫೋಟೋ ಕಳಿಸುವುದಿಲ್ಲ. ನೋಡಬೇಕಿದ್ದರೆ ಬಂದು ನೋಡು. ತಾಯಿ ಎನ್ನುವ ಹೆಸರು ಇನ್ನೂ ನಿನಗೆ ಬೇಕಿದ್ದರೆ ಬಾ ಮೋಹಿನಿ, ಇವತ್ತೇ ಹೊರಟು ಬಾ. ಬಂದು ಅವಳೆದುರಿಗೆ ನಿಂತು, ಯಾಕೆ ಬಿಟ್ಟು ಹೋದೆ ಎಂದು ನಿನ್ನ ಬಾಯಿಂದ ಹೇಳು. ನನ್ನ ಕೈಯಲ್ಲಿ ಹೇಳಿ ಕಳಿಸಬೇಡ. ಆ ಮಗು ಅಂಥ ಮಾತುಗಳನ್ನು ಸಾಕಷ್ಟು ಹೊತ್ತಾಗಿದೆ.

ಇಷ್ಟೇ. ಇನ್ನು ಬರೆದರೆ ಶಾಪವಾಗುತ್ತದೆ.

ಒಂದು ಕಾಲದಲ್ಲಿ ನಿನ್ನವಳಾಗಿದ್ದ,
ಕುಸುಮ

ತಾ.ಕ.: ನಿನ್ನ ಪತ್ರ ಬಂದದ್ದು ರಶ್ಮಿತಾಳಿಗೆ ಗೊತ್ತಿಲ್ಲ. ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಈ ಕಾಗದಕ್ಕೆ ಕೂರುವ ಮೊದಲು ಕ್ಲಾರೆನ್ಸರಿಗೆ ಫೋನ್ ಮಾಡಿ, ಯಾರದೋ ವಿಷಯ ಎನ್ನುವ ಹಾಗೆ ವಿಚಾರಿಸಿದೆ. ಕಾಗದಪತ್ರ ಇಲ್ಲದೆ ಅಲ್ಲಿ ಉಳಿದವರು ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಹೋಗಲಾಗುವುದಿಲ್ಲವಂತೆ. ಇಲ್ಲಿಯ ವೀಸಾವನ್ನು ಗಂಡ ರದ್ದು ಮಾಡಿಸಿದ್ದರೆ ಮಸ್ಕತ್ತಿಗೂ ಬರಲಾಗುವುದಿಲ್ಲವಂತೆ. ಬೋಜಣ್ಣ ರದ್ದು ಮಾಡಿಸಿದ್ದಾರೆ, ನಾನೇ ಜೊತೆಗೆ ಹೋಗಿದ್ದೆ. ನೀನು ಬರಲಾರೆ ಎನ್ನುವುದು ಖಚಿತವಾದ ಮೇಲೆಯೇ ನಾನು ಬಾ ಎಂದು ಬರೆದದ್ದು.